ಸೊಸೆಯ ಮರಣ ಪ್ರಮಾಣಪತ್ರ

ಗೊರೂರು
14-11-2025, ಶುಕ್ರವಾರ

ಪ್ರೀತಿಯ ಸೊಸೆ, ಚಿರಂಜೀವಿ ಶಾಂತಿಗೆ,

ನಿನ್ನ ಅತ್ತೆ ಸಣ್ಣಕ್ಕ ಮಾಡುವ ಆಶೀರ್ವಾದಗಳು. ಹಳೇ ಅತ್ತೆ ಅಂತ ಬರೆಯಬೇಕಿತ್ತೇನೋ, ಈಗ ನಿನಗೆ ಚನ್ನರಾಯಪಟ್ಟಣದಲ್ಲಿ ಹೊಸ ಅತ್ತೆ ಇದ್ದಾರೆ. ಆದರೆ ನಿನ್ನನ್ನು ಸೊಸೆ ಅನ್ನದೆ ಬೇರೇನು ಅನ್ನಬೇಕೋ ನನಗೆ ತಿಳಿಯದು, ಅದಕ್ಕೆ ಹಾಗೇ ಬರೆದೆ. ಚಿರಂಜೀವಿ ಅನ್ನುವ ಪದ ಬರೆಯುವಾಗ ಮಾತ್ರ ಕೈ ಒಂದು ಗಳಿಗೆ ನಿಂತಿತು. ಕಾರಣ ಮುಂದೆ ಹೇಳುತ್ತೇನೆ. ಅಲ್ಲಿಯವರೆಗೆ ಅದನ್ನು ಒತ್ತಿ ಬರೆದಿದ್ದೇನೆ ಅಂತ ತಿಳಿದುಕೋ.

ಹೇಗಿದ್ದೀಯವ್ವ? ಹೊಲಿಗೆ ಮಿಷನ್ ತುಳಿದು ತುಳಿದು ಮಂಡಿ ಹಿಡಿದುಕೊಂಡಿದೆ ಅಂತ ಅರಕಲಗೂಡಿನ ನಿನ್ನ ಅಕ್ಕ ಹೇಳಿದಳು. ಹರಳೆಣ್ಣೆ ಬಿಸಿ ಮಾಡಿ ಹಚ್ಚಿ ಬಟ್ಟೆ ಸುತ್ತಿಕೊಂಡು ಮಲಗು, ಮುಲಾಮಿಗಿಂತ ವಾಸಿ. ನಿನ್ನ ಮಗ ಎಲ್‌ಕೆಜಿಗೆ ಹೋಗುತ್ತಾನಂತೆ, ಡಬ್ಬಿಯಲ್ಲಿ ಹಾಕಿದ್ದನ್ನು ಹಾಗೇ ವಾಪಸ್ಸು ತರುತ್ತಾನಂತೆ. ಅಂಗನವಾಡಿಯಲ್ಲಿ ಊರ ಮಕ್ಕಳಿಗೆಲ್ಲ ಉಪ್ಪಿಟ್ಟು ತಿನ್ನಿಸಿ ರಿಟೈರ್ ಆದವಳು ಹೇಳುತ್ತಿದ್ದೇನೆ ಕೇಳು, ಹಸಿದರೆ ತಾನೇ ತಿನ್ನುತ್ತಾನೆ, ತುತ್ತು ಹಿಡಿದುಕೊಂಡು ಹಿಂದೆ ಓಡಬೇಡ. ರಜನೀಶನ ಗೂಡ್ಸ್ ಆಟೋ ಓಡುತ್ತಿದೆ ತಾನೇ? ಅವನು ಒಳ್ಳೆಯವನು ಅಂತ ನಾನು ಅವತ್ತೇ ಅಂದಿದ್ದೆ, ಈಗಲೂ ಅನ್ನುತ್ತೇನೆ. ನನ್ನದೇನು, ಸಕ್ಕರೆ ಕಾಯಿಲೆ ಇದ್ದದ್ದೇ, ಕಾಫಿಗೆ ಸಕ್ಕರೆ ಬಿಟ್ಟೆ, ಕಾಫಿ ಬಿಡಲಿಲ್ಲ.

ಫೋನು ಮಾಡಬಹುದಿತ್ತು, ನಿನ್ನ ನಂಬರು ನನ್ನ ಹತ್ತಿರ ಇದೆ. ಹೋದ ವರ್ಷ ನಿಮ್ಮ ಮಾವ ತೀರಿಕೊಂಡ ದಿನ ಮಾಡಿದ್ದೆ. ಪಕ್ಕದಲ್ಲಿ ಯಾರೋ ಇದ್ದರು ಅಂತ ಕಾಣುತ್ತೆ, ನೀನು "ರಾಂಗ್ ನಂಬರ್" ಅಂದು ಇಟ್ಟುಬಿಟ್ಟೆ. ಆಮೇಲೆ ಅಕ್ಕನ ಮನೆಗೆ ಹೋಗಿ ಅಲ್ಲಿಂದ ಫೋನು ಮಾಡಿ ಅತ್ತಿದ್ದೆ, ಅದೂ ನೆನಪಿದೆ. ಆದರೂ ಆ ಎರಡು ಪದಗಳನ್ನು ಇನ್ನೊಂದು ಸಲ ಕೇಳುವ ಗಟ್ಟಿ ಎದೆ ನನಗಿಲ್ಲ ಶಾಂತಿ. ಅದಕ್ಕೇ ಕಾಗದ ಬರೆದು ಅಕ್ಕನ ವಿಳಾಸಕ್ಕೆ ಹಾಕುತ್ತಿದ್ದೇನೆ. ಅವಳ ಮನೆಯಲ್ಲೇ ಕೂತು ಓದು, ಓದಿ ಅಲ್ಲೇ ಇಟ್ಟು ಹೋದರೂ ನನಗೆ ಬೇಸರವಿಲ್ಲ.

ಈಗ ನಿನ್ನ ಮಗಳು ಪ್ರೇಕ್ಷಾಳ ಸುದ್ದಿ. ಆಗಸ್ಟಿಗೆ ಅವಳಿಗೆ ಹದಿನೆಂಟು ತುಂಬಿತು. ನಿನ್ನಷ್ಟೇ ಎತ್ತರ ಆಗಿದ್ದಾಳೆ, ಕೂದಲೂ ನಿನ್ನದೇ, ಜಡೆ ಹಾಕುವಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಗುತ್ತದೆ. ಮಾತು ನೀನು ಬಿಟ್ಟುಹೋದಷ್ಟೇ ಇದೆ, ಹತ್ತಾರು ಪದದ ಮೇಲೆ ಹೋಗಿಲ್ಲ. ಹಾಸನದ ಶಾಲೆಗೆ ವ್ಯಾನಿನಲ್ಲಿ ಹೋಗಿ ಬರುತ್ತಾಳೆ, ಅಲ್ಲಿ ಕಾಗದದ ಕವರು ಅಂಟಿಸುವುದು ಕಲಿತಿದ್ದಾಳೆ. ಮನೆಯಲ್ಲಿ ಒಗೆದ ಬಟ್ಟೆ ಮಡಚುವುದು ಅವಳ ಕೆಲಸ. ನಾನು ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತಾಳೆ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುವ ಹಾಗೆ ನನಗೆ ಈಗ ಮೊಮ್ಮಗಳ ಕಾಲ ಬಂದಿದೆ. ಫಿಟ್ಸು ಮೊದಲಿನಷ್ಟು ಇಲ್ಲ, ಮಾತ್ರೆ ತಪ್ಪಿಸುವುದಿಲ್ಲ. ಆದರೆ ಗೌರಿ ಹಬ್ಬದ ಹೊತ್ತಿಗೆ ಬಲಗೆನ್ನೆ ಊದಿಕೊಂಡಿತು. ನೋವು ಎಲ್ಲಿ ಅಂತ ಹೇಳಲು ಅವಳಿಗೆ ಬಾರದು, ಮಣಿಕಟ್ಟನ್ನು ಕಚ್ಚಿಕೊಳ್ಳುತ್ತಾಳೆ. ಕಚ್ಚಿ ಕಚ್ಚಿ ಅಲ್ಲಿ ಚರ್ಮ ಕಪ್ಪಾಗಿದೆ.

ಹಾಸನದಲ್ಲಿ ತೋರಿಸಿದೆ. ದವಡೆ ಹಲ್ಲು ಒಳಗೇ ಕೊಳೆತಿದೆ, ಇವಳು ಬಾಯಿ ಬಿಟ್ಟುಕೊಂಡು ಕೂರುವವಳಲ್ಲ, ಫಿಟ್ಸು ಬೇರೆ, ಪೂರ್ತಿ ಪ್ರಜ್ಞೆ ತಪ್ಪಿಸಿ ಆಪರೇಷನ್ ಕೋಣೆಯಲ್ಲೇ ಕೀಳಬೇಕು ಅಂದರು. ಸರಿ, ಕೀಳಿ ಅಂದೆ. ಸಹಿ ಯಾರು ಮಾಡುತ್ತೀರಿ ಅಂದರು. ಅಜ್ಜಿ ನಾನು, ನಾನೇ ಮಾಡುತ್ತೇನೆ ಅಂದೆ. ಹುಡುಗಿಗೆ ಹದಿನೆಂಟು ಆಗಿದೆಯಲ್ಲಮ್ಮ, ಈಗ ಕಾನೂನಿನ ಪ್ರಕಾರ ಅವಳ ಪರವಾಗಿ ಹೆತ್ತವರೂ ಸಹಿ ಹಾಕುವ ಹಾಗಿಲ್ಲ, ಪೋಷಕರು ಅಂತ ಡಿ.ಸಿ. ಸಮಿತಿಯಿಂದ ನೇಮಕ ಆಗಿ ಬನ್ನಿ ಅಂದರು. ಅವರು ಹೇಳಿದ್ದು ತಪ್ಪೇನಲ್ಲ, ನಾಳೆ ಹೆಚ್ಚುಕಮ್ಮಿ ಆದರೆ ಅವರ ತಲೆಗೆ ಬರುತ್ತದೆ. ಅಲ್ಲಿಯವರೆಗೆ ನೋವಿಗೆ ಸಿರಪ್ಪು ಬರೆದುಕೊಟ್ಟಿದ್ದಾರೆ. ಬ್ಯಾಂಕಿನಲ್ಲೂ ಅದೇ ಕಥೆ, ಅವಳ ಮಾಸಾಶನ ಬರುವ ಖಾತೆ ಹದಿನೆಂಟಾದ ತಿಂಗಳಿಂದ ನಿಂತಿದೆ. ಹುಟ್ಟಿದಾಗಿಂದ ಎತ್ತಿ ಆಡಿಸಿದವಳು ನಾನು, ಈಗ ಅವಳಿಗೆ ನಾನು ಏನಾಗಬೇಕು ಅನ್ನುವುದಕ್ಕೆ ಒಂದು ಕಾಗದ ತರಬೇಕು.

ಕಾಗದ ಅಂದ ಮೇಲೆ ನಿಮ್ಮ ಮಾವನ ಪದ್ಧತಿ ನಿನಗೆ ಗೊತ್ತಲ್ಲ. ಮನೆಯ ಕಾಗದವೆಲ್ಲ ನಡುಮನೆಯ ಅಂಬೇಡ್ಕರ್ ಫೋಟೋದ ಹಿಂದೆ. "ನಮ್ಗೆ ಕಾಗ್ದ ಅಂತ ಒಂದ್ ಸಿಕ್ಕುದ್ದೇ ಅವ್ರಿಂದ ಕಣೆ, ಅವ್ರ ಹಿಂದೇನೇ ಇರ್ಲಿ" ಅನ್ನುವರು. ನೀರಾವರಿ ಇಲಾಖೆಯ ಆರ್ಡರು, ಕ್ವಾರ್ಟರ್ಸ್ ಬಿಟ್ಟ ರಸೀದಿ, ಈ ಮನೆಯ ಪತ್ರ, ಪ್ರೇಕ್ಷಾಳ ಆಸ್ಪತ್ರೆ ಚೀಟಿ ಎಲ್ಲ ಸೇರಿ ಸೇರಿ ಫೋಟೋ ಗೋಡೆ ಬಿಟ್ಟು ಮುಂದಕ್ಕೆ ಬಗ್ಗಿತ್ತು, ನಾವು ಉಣ್ಣುವಾಗ ತಟ್ಟೆಗೆ ಏನು ಬಿದ್ದಿದೆ ಅಂತ ನೋಡುವ ಹಾಗೆ. ಅವರು ಹೋದ ಮೇಲೂ ನಾನು ಅದನ್ನು ಮುಟ್ಟಿರಲಿಲ್ಲ. ಆಸ್ಪತ್ರೆಯಿಂದ ಬಂದ ಮಾರನೇ ದಿನ ಸ್ಟೂಲು ಹಾಕಿಕೊಂಡು ಇಳಿಸಿದೆ. ಕೆಲವಕ್ಕೆ ಹುಳ ಬಿದ್ದಿತ್ತು. ಅಂಗವಿಕಲತೆ ಪ್ರಮಾಣಪತ್ರದ ಒರಿಜಿನಲ್ಲಿಗೆ ಮಹಾರಾಯರು ಲ್ಯಾಮಿನೇಷನ್ ಮಾಡಿಸಿಟ್ಟಿದ್ದಾರೆ. ಮಗುವಿಗೆ ಚಳಿಯಾಗದಿರಲಿ ಅಂತ ಹೊದಿಸಿದ್ದಾರೆ ಪಾಪ, ಈಗ ಅದರ ಮೇಲೆ ಮೊಹರು ಹಾಕಲು ಆಗುವುದಿಲ್ಲ ಅಂತ ಹೊಸದು ಮಾಡಿಸಲು ಮೂರು ಸಲ ಹಾಸನಕ್ಕೆ ಅಲೆದೆ.

ಎಲ್ಲವನ್ನೂ ನಡುಮನೆಯಲ್ಲಿ ಹರಡಿಕೊಂಡು ಕೂತೆವು, ನಾನು ಮತ್ತು ನಿನ್ನ ಮಗಳು. ಗಾಳಿಗೆ ಹಾರದಿರಲಿ ಅಂತ ಅವಳು ಅಡುಗೆಮನೆಯಿಂದ ಲೋಟಗಳನ್ನು ತಂದು ಒಂದೊಂದು ಗುಡ್ಡೆಯ ಮೇಲೆ ಇಟ್ಟಳು. ನಾನು ಇಸವಿ ನೋಡಿ ಜೋಡಿಸಿದೆ. ಅವಳಿಗೆ ಓದಲು ಬಾರದು, ಮೊಹರಿನ ಬಣ್ಣ ನೋಡಿ ಜೋಡಿಸಿದಳು. ನೇರಳೆ ಬಣ್ಣದ್ದು ಆಸ್ಪತ್ರೆ, ಹಸಿರು ಶಾಲೆಯದ್ದು, ಕೆಂಪು ತಾಲ್ಲೂಕು ಆಫೀಸಿಂದು. ನನ್ನದಕ್ಕಿಂತ ಅವಳದ್ದೇ ಬೇಗ ಆಯಿತು, ತಪ್ಪೂ ಇರಲಿಲ್ಲ. ಬುದ್ಧಿ ಇಲ್ಲ ಅಂತ ಅದೇ ಕಾಗದಗಳಲ್ಲಿ ಬರೆದಿದ್ದಾರೆ, ಬರೆದುಕೊಳ್ಳಲಿ. ಜೋಡಿಸಿ ಮುಗಿಸಿ, ಅರ್ಜಿ ತುಂಬಿಸಲು ಮೊದಲಿಂದ ಓದುತ್ತಾ ಬಂದಾಗ ನನ್ನ ಕಣ್ಣಿಗೆ ಅದು ಬಿತ್ತು. 2017ರವರೆಗೆ ಎಲ್ಲ ಕಡೆಯೂ ತಾಯಿಯ ಹೆಸರು ಶಾಂತಿ ಅಂತ ಇದೆ. ಅಲ್ಲಿಂದಾಚೆಗೆ ಎಲ್ಲದರಲ್ಲೂ 'ದಿ. ಶಾಂತಿ'. ದಿವಂಗತ ಶಾಂತಿ. ಹಾಸನದ ಶಾಲೆಗೆ ಸೇರಿಸುವ ದಿನ ನಿಮ್ಮ ಮಾವ ಅರ್ಜಿಯಲ್ಲಿ ತಮ್ಮ ಕೈಯಾರೆ ಬರೆದ ಆ ಒಂದಕ್ಷರ, ಶಾಲೆಯದನ್ನು ನೋಡಿಕೊಂಡು ಅಂಗವಿಕಲರ ಕಾರ್ಡಿಗೆ, ಕಾರ್ಡು ನೋಡಿಕೊಂಡು ಮಾಸಾಶನಕ್ಕೆ, ಅದನ್ನು ನೋಡಿಕೊಂಡು ಬ್ಯಾಂಕಿಗೆ ಅಂತ ಎಂಟು ವರ್ಷ ನಡೆದುಕೊಂಡೇ ಬಂದಿದೆ. ಯಾವ ಆಫೀಸಿನವರೂ ಮನುಷ್ಯರನ್ನು ನೋಡಿ ಬರೆಯುವುದಿಲ್ಲ, ಹಿಂದಿನ ಕಾಗದ ನೋಡಿ ಬರೆಯುತ್ತಾರೆ.

ಚಿರಂಜೀವಿ ಅನ್ನುವಾಗ ಕೈ ಯಾಕೆ ನಿಂತಿತು ಅಂತ ಈಗ ಗೊತ್ತಾಯಿತಲ್ಲ.

ಅವರನ್ನು ಬಯ್ಯಬೇಡ. ನಾನು ಬೇಕಾದಷ್ಟು ಬೈದಾಗಿದೆ. ಶಾಲೆಯ ಗುರುತಿನ ಚೀಟಿ ಮೊದಲ ಸಲ ಮನೆಗೆ ಬಂದ ದಿನವೇ ಜಗಳ ತೆಗೆದಿದ್ದೆ, ಬದುಕಿರುವ ಹೆಣ್ಣಿಗೆ ಇದೇನು ಬರೆದಿದ್ದೀರಿ, ಕೈ ಹೇಗೆ ಬಂತು ಅಂತ. ಅವರು ತಲೆ ಎತ್ತಲಿಲ್ಲ. "ಬದ್ಕಿದ್ದಾಳೆ ಅಂತ ಬರುದ್ರೆ ಎಲ್ಲವ್ಳೆ ಕರ್ಕಂಡ್ ಬಾ ಅಂತರೆ. ಸತ್ತೋರ್ ಮನೆ ಬಾಗ್ಲ ಯಾವ್ ಆಪೀಸ್ನೋರೂ ತಟ್ಟಕಿಲ್ಲ ಕಣೆ. ಆ ಎಣ್ಮಗ ಅಲ್ಲಾರ ನೆಮ್ದಿಯಾಗಿರ್ಲಿ" ಅಂದರು. ಶಾಲೆಯ ರಿಜಿಸ್ಟರಿನಲ್ಲಿ ಒಂದು ಮೂಲೆಯಲ್ಲಿ ಬಿದ್ದಿರುತ್ತದೆ ಅಷ್ಟೇ ಅಂತ ನಾನೂ ಸುಮ್ಮನಾದೆ. ನಿನ್ನ ಮೇಲಿನ ಪ್ರೀತಿಗೆ ನಿನ್ನನ್ನೇ ಸಾಯಿಸಿ ಇಟ್ಟ ಮನುಷ್ಯ ಅವರು. ಇಂಥ ಬುದ್ಧಿ ನಮ್ಮ ಮನೆಯಲ್ಲಲ್ಲದೆ ಬೇರೆಲ್ಲಿ ಹುಟ್ಟಬೇಕು ಹೇಳು.

ನಿನ್ನನ್ನು ಕೂಡಾವಳಿ ಮದುವೆಗೆ ಒಪ್ಪಿಸಿ ಕಳಿಸಿದ್ದು ನಾನೇ, ಅದಕ್ಕೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ನನ್ನ ಮಗ ಪೃಥ್ವಿ ಬೈಕಿನಿಂದ ಬಿದ್ದು ಹೋದಾಗ ನಿನಗೆ ಇಪ್ಪತ್ತೇಳು. ಮೂರು ವರ್ಷ ನೀನು ಈ ಮನೆಯಲ್ಲಿ ತಲೆ ಬಗ್ಗಿಸಿಕೊಂಡು ಓಡಾಡಿದ್ದನ್ನು ನೋಡಿದೆ, ನೋಡಲಾರದೆ ರಜನೀಶನ ಸಂಬಂಧ ತಂದೆ. ಸೊಸೆಗೆ ಅತ್ತೆಯೇ ಗಂಡು ನೋಡುವುದುಂಟಾ ಅಂತ ಆಡಿಕೊಂಡವರ ಬಾಯಿಗೆ ಬೀಗ ಹಾಕಲಿಕ್ಕಾಗುತ್ತದಾ, ಆಡಿಕೊಳ್ಳಲಿ ಅಂದೆ. ಮಗು ನಮ್ಮ ಮನೆಯದು, ಅಲ್ಲಿಗೆ ಬರಬಾರದು, ಅದರ ಮಾತೇ ಎತ್ತಬಾರದು ಅಂತ ಅವನ ಕಡೆಯ ದೊಡ್ಡವರು ಕಟ್ಟು ಮಾಡಿದರು. ನಮ್ಮ ಕಡೆಯ ದೊಡ್ಡವರಾದರೂ ಏನು ಕಮ್ಮಿ, ಎರಡನೇ ಸಂಬಂಧಕ್ಕೆ ಹೋಗುವ ಹೆಣ್ಣು ಬೆಳಕು ಹರಿಯುವ ಮುಂಚೆ ಹಿತ್ತಿಲ ಬಾಗಿಲಿಂದ ಹೋಗಬೇಕು, ತಿರುಗಿ ನೋಡಬಾರದು, ಮತ್ತೆ ಈ ಹೊಸ್ತಿಲು ತುಳಿಯಬಾರದು ಅಂದರು. ನೀನು ಹಾಗೇ ಹೋದೆ. ನೀನು ಹೋದ ಮೇಲೆ ನಿಮ್ಮ ಮಾವ ಆ ಬಾಗಿಲು ಮುಚ್ಚಿ ಅದಕ್ಕೇ ಒರಗಿ ಕೂತವರು ಅಂಗಳಕ್ಕೆ ಬಿಸಿಲು ಬರುವವರೆಗೂ ಏಳಲಿಲ್ಲ. ಇದನ್ನು ನಿನಗೆ ಯಾರೂ ಹೇಳಿರಲಾರರು ಅಂತ ಬರೆದೆ.

ಅರ್ಜಿ ತುಂಬಿಸಿ ಹಾಸನದ ಡಿ.ಸಿ. ಆಫೀಸಿಗೆ ತೆಗೆದುಕೊಂಡು ಹೋದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ, ಆದರೆ ಅಲ್ಲಿ ಸಮಿತಿಯ ಅರ್ಜಿಗಳನ್ನು ನೋಡುವ ಅನುಶ್ರೀ ಅನ್ನುವ ಹುಡುಗಿ ಅಂಥವಳಲ್ಲ. ಕುರ್ಚಿ ಹಾಕಿ ಕೂರಿಸಿದಳು, ಒಂದೊಂದೇ ಹಾಳೆ ತಿರುಗಿಸಿದಳು, ಇಷ್ಟು ಚೆನ್ನಾಗಿ ಯಾರು ಜೋಡಿಸಿದ್ದು ಅಂತ ಕೇಳಿದಳು, ಪ್ರೇಕ್ಷಾ ತನ್ನ ಎದೆ ಮುಟ್ಟಿಕೊಂಡು ತೋರಿಸಿದಳು. ಎಲ್ಲ ಸರಿಯಿದೆ ಅಜ್ಜಿ, ತಂದೆಯ ಮರಣ ಪ್ರಮಾಣಪತ್ರ ಇದೆ, ತಾಯಿಯದು ಎಲ್ಲಿ ಅಂದಳು. ಹೆತ್ತವರು ಇದ್ದರೆ ಅವರ ಒಪ್ಪಿಗೆ ಬೇಕು, ಇಲ್ಲದಿದ್ದರೆ ಇಲ್ಲ ಅನ್ನುವುದಕ್ಕೆ ಪ್ರಮಾಣಪತ್ರ ಬೇಕು, ಎರಡರಲ್ಲಿ ಒಂದಿಲ್ಲದೆ ಅಜ್ಜಿಯನ್ನು ಪೋಷಕಿ ಅಂತ ನೇಮಿಸಲು ಬರುವುದಿಲ್ಲ ಅಂದಳು. ತಂದುಕೊಡುತ್ತೇನೆ ಅಂತ ಎದ್ದು ಬಂದುಬಿಟ್ಟೆ. ಬಸ್ಸಿನಲ್ಲಿ ಗೊರೂರು ತಲುಪುವವರೆಗೂ, ಏನನ್ನು ತಂದುಕೊಡುತ್ತೇನೆ ಅಂದೆ ಅಂತ ನನಗೇ ತಿಳಿಯಲಿಲ್ಲ.

ಸುದ್ದಿ ಕೇಳಿ ನಿಮ್ಮ ಚಿಕ್ಕಮಾವ ಗಂಗಯ್ಯ ಹೊಳೆನರಸೀಪುರದಿಂದ ಓಡಿ ಬಂದ. ಅಣ್ಣ ಹೋದ ಮೇಲೆ ಮನೆಗೆ ಗಂಡು ದಿಕ್ಕು ತಾನೇ ಅಂತ ಅವನ ಲೆಕ್ಕ. ಅವನಿಗೆ ಎಲ್ಲದಕ್ಕೂ ಒಬ್ಬ ಗೊತ್ತಿರುವವನು ಇರುತ್ತಾನೆ, ಇದಕ್ಕೂ ಇದ್ದ. "ಅತ್ಗೆ, ನಮ್ಮನೇಲೇ ಇದ್ಲು, ಅಲ್ಲೇ ತೀರ್ಕಂಡ್ಲು ಅಂತ ಒಂದ್ ಅಫಿಡವಿಟ್ ಮಾಡ್ಸನ. ಅವತ್ತು ರಿಜಿಸ್ಟ್ರು ಮಾಡ್ಸಿರ್ನಿಲ್ಲ, ಈಗ ಮಾಡ್ಸ್ತೀವಿ ಅಂದ್ರಾಯ್ತು. ಕಾಗ್ದುದ್ ಮೇಲೆ ತಾನೆ? ಕಾಗ್ದುದ್ ಮೇಲ್ ಸತ್ರೆ ಯಾರಾರ ನಿಜ್ವಾಗ್ಲೂ ಸಾಯ್ತಾರಾ? ಎಂಟೊರ್ಸದಿಂದ ಸತ್ತೇ ಅವ್ಳಲ್ಲ" ಅಂದ. ಆ ವಾರ ಪ್ರೇಕ್ಷಾ ನೋವಿಗೆ ಅನ್ನ ಬಿಟ್ಟಿದ್ದಳು, ಗಂಜಿಯನ್ನೂ ಒಂದೇ ಕಡೆಯಿಂದ ನುಂಗುತ್ತಿದ್ದಳು. ಹಲ್ಲು ಕಿತ್ತರೆ ಸಾಕು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ನಡಿ ಅಂತ ಅವನ ಹಿಂದೆ ಹೊರಟೆ, ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಅವಳನ್ನೂ ಕರೆದುಕೊಂಡು ಹೋದೆ. ಫೈಲು ಅವಳ ಕೈಯಲ್ಲೇ ಇತ್ತು, ಬೇರೆಯವರಿಗೆ ಕೊಡುವುದಿಲ್ಲ.

ಹೊಳೆನರಸೀಪುರದಲ್ಲಿ ಒಂದು ಟೈಪಿಂಗ್ ಅಂಗಡಿ. ಕಂಪ್ಯೂಟರ್ ಮುಂದೆ ಕೂತ ಹುಡುಗ ಮುಖ ಕೂಡ ಎತ್ತದೆ ಕೇಳಿದ, "ಮೃತರ ಹೆಸ್ರು?" ಗಂಗಯ್ಯ ನಿನ್ನ ಹೆಸರು ಹೇಳಿದ. "ಏನಾಗಿತ್ತಜ್ಜಿ? ಆರ್ಟಾ, ಶುಗರ್ರಾ?" "ಆರ್ಟ್ ಅಂತ ಆಕಪ್ಪ, ಅದ್ಕೆ ಯಾರೂ ಏನೂ ಕೇಳಲ್ಲ" ಅಂದ ಗಂಗಯ್ಯ. "ಡೇಟ್ ಯೋಳಿ" ಅಂದ ಹುಡುಗ. ಇಬ್ಬರೂ ನನ್ನ ಕಡೆ ನೋಡಿದರು. ಏನು ಮಾಡಲಿ ಶಾಂತಿ, ನೀನು ಹಿತ್ತಿಲ ಬಾಗಿಲಿಂದ ಹೋದ ದಿನದ ತಾರೀಖು ಬಿಟ್ಟು ಬೇರೆ ಯಾವುದೂ ಬಾಯಿಗೆ ಬರಲಿಲ್ಲ. ಅದನ್ನೇ ಹೇಳಿದೆ. ಹುಡುಗ ಅದನ್ನೇ ಬಡಿದ. ಹಾಳೆ ಬಿಸಿಬಿಸಿಯಾಗಿ ಹೊರಗೆ ಬಂತು, ಪ್ರೇಕ್ಷಾ ಸ್ಟೂಲಿನಿಂದ ಎದ್ದು ತನ್ನ ಕೆಲಸ ಅಂತ ತಾನೇ ತೆಗೆದುಕೊಂಡಳು. ಅಂಗೈಯಿಂದ ಸವರಿ ನೇರ ಮಾಡಿದಳು, ಫೈಲು ಬಿಚ್ಚಿದಳು, ಎಲ್ಲಿಡಬೇಕು ಅಂತ ಮೊಹರು ಹುಡುಕಿದಳು. ಮುಂದೆ ನೋಡಿದಳು, ಹಿಂದೆ ತಿರುಗಿಸಿ ನೋಡಿದಳು. ಇನ್ನೂ ಮೊಹರೇ ಬಿದ್ದಿರಲಿಲ್ಲವಲ್ಲ, ಯಾವುದರ ಜೊತೆ ಸೇರಿಸುವುದು ಅಂತ ತಿಳಿಯದೆ ಹಾಳೆ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತಳು. ತಾಯಿಯ ಸಾವನ್ನು ಕೈಯಲ್ಲಿ ಹಿಡಿದುಕೊಂಡು ಇದನ್ನೆಲ್ಲಿಡಲಿ ಅಂತ ಆ ಕೂಸು ಕೇಳುತ್ತಿದೆ. ನಾನು ಅದನ್ನು ಕಿತ್ತುಕೊಂಡು ಹರಿದುಹಾಕಿದೆ. "ಅತ್ಗೆ, ನಿಂಗೇನ್ ತಲೆ ಕೆಟ್ಟದಾ" ಅಂತ ಗಂಗಯ್ಯ ಅಂಗಡಿಯಲ್ಲೇ ಕೂಗಾಡಿದ. ಕೆಟ್ಟಿತ್ತು, ಈಗ ಸರಿಯಾಯಿತು ಕಣಪ್ಪ ಅಂದು ಬಸ್ ಸ್ಟ್ಯಾಂಡಿಗೆ ನಡೆದೆ. ಅವನು ಅವತ್ತಿಂದ ಈ ಕಡೆ ಬಂದಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಯೋಚನೆ ಶುರುವಾಯಿತು. ಶಾಲೆಯ ಅರ್ಜಿಯ ಒಂದಕ್ಷರ ಇಷ್ಟು ದೂರ ನಡೆದು ಬಂತಲ್ಲ, ಮರಣ ಪ್ರಮಾಣಪತ್ರ ಅಂತ ಒಂದು ಹುಟ್ಟಿದ್ದರೆ ಎಲ್ಲಿಯವರೆಗೆ ಹೋಗುತ್ತಿತ್ತು? ನಿನ್ನ ಆಧಾರ್ ನಿಲ್ಲುತ್ತಿತ್ತು, ಚನ್ನರಾಯಪಟ್ಟಣದ ನಿಮ್ಮ ರೇಷನ್ ಕಾರ್ಡಿನಿಂದ ಹೆಸರು ಹೋಗುತ್ತಿತ್ತು, ನಾಳೆ ನಿನ್ನ ಮಗನ ಶಾಲೆಯಲ್ಲಿ ತಾಯಿ ಇಲ್ಲ ಅಂತ ಬರುತ್ತಿತ್ತು. ಒಂದು ಮಗುವಿಗೆ ಆದದ್ದು ಇನ್ನೊಂದಕ್ಕೂ ಆಗುತ್ತಿತ್ತು. ಇದ್ಯಾವುದೂ ಆಗದಿದ್ದರೂ ನಾನು ಅದಕ್ಕೆ ಸಹಿ ಹಾಕುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಮಗನ ಮರಣ ಪತ್ರ ಈಸಿಕೊಳ್ಳಲು ಒಂದು ಸಲ ಸಹಿ ಮಾಡಿದ ಕೈ ಇದು. ಸೊಸೆಯದಕ್ಕೂ ಮಾಡು ಅಂದರೆ ಎಲ್ಲಿಂದ ಮಾಡಲಿ.

ನಿನ್ನ ಮೇಲೆ ಕೋಪ ಇಲ್ಲವಾ ಅಂದರೆ ಇದೆ. ಹೋದದ್ದಕ್ಕಲ್ಲ, ಕಳಿಸಿದ್ದೇ ನಾನು. ಚನ್ನರಾಯಪಟ್ಟಣದಿಂದ ಹಾಸನಕ್ಕೆ ನಿಮಿಷಕ್ಕೊಂದು ಬಸ್ಸು ಓಡುತ್ತದೆ. ಒಂದೇ ಒಂದು ದಿನ ಆ ಶಾಲೆಯ ಗೇಟಿನ ಎದುರಿಗೆ, ಮಾತಾಡಿಸದಿದ್ದರೂ ಬೇಡ, ದೂರದಲ್ಲಿ ನಿಂತು ನೋಡಿ ಹೋಗಬಾರದಿತ್ತಾ? ನೋಡಿದ್ದೀಯೋ ಏನೋ, ನನಗೆ ಗೊತ್ತಿಲ್ಲದೆ. ನೋಡಿದ್ದರೆ ಈ ಸಾಲು ಹೊಡೆದುಹಾಕು, ನನ್ನ ಬಾಯಿ ಸುಮ್ಮನಿರುವುದಿಲ್ಲ ಅಂತ ನಿನಗೆ ಗೊತ್ತಲ್ಲ.

ಹೋದ ಸೋಮವಾರ ಅನುಶ್ರೀಯ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ. ತಾಯಿ ಇದ್ದಾಳೆ, ಹೀಗೆ ಹೀಗಾಯಿತು, ಬರೆದವರು ಈಗ ಇಲ್ಲ, ಬಯ್ಯುವುದಾದರೆ ನನ್ನನ್ನು ಬೈಯಿರಿ ಅಂದೆ. ಅವಳು ಬಯ್ಯಲಿಲ್ಲ. ಒಪ್ಪಿಗೆ ಪತ್ರದ ನಮೂನೆ ಕೊಟ್ಟು, ನೋಡೋಣ, ಸಾಹೇಬರನ್ನು ಕೇಳುತ್ತೇನೆ ಅಂದಳು. ಅದನ್ನು ಇದರ ಜೊತೆ ಇಟ್ಟಿದ್ದೇನೆ. ಸಹಿ ಮಾಡುವ ಕಡೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದೇನೆ. ಸಹಿ ಮಾಡಿ ಅಕ್ಕನ ಕೈಗೆ ಕೊಡು, ಅವಳು ನನಗೆ ತಲುಪಿಸುತ್ತಾಳೆ. ಇಷ್ಟೇ ನಾನು ಕೇಳುವುದು. ನನ್ನ ನಂತರ ಪೋಷಕರು ಯಾರು ಅಂತ ಅರ್ಜಿಯಲ್ಲಿ ಒಂದು ಜಾಗ ಇದೆ, ಅದನ್ನು ಖಾಲಿ ಬಿಟ್ಟಿದ್ದೇನೆ, ಅದರ ಮಾತು ಇವತ್ತು ಬೇಡ. ನಿನ್ನನ್ನು ಬಾ ಅಂತ ಕರೆಯುವುದಿಲ್ಲ. ನಾನೇ ಹಚ್ಚಿಕೊಟ್ಟ ದೀಪಕ್ಕೆ ನಾನೇ ಗಾಳಿ ಹಾಕುವವಳಲ್ಲ.

ಮಂಡಿ ನೋಡಿಕೋ. ರಜನೀಶನಿಗೆ ನನ್ನ ಆಶೀರ್ವಾದ ತಿಳಿಸುವ ಹಾಗಿದ್ದರೆ ತಿಳಿಸು, ಇಲ್ಲದಿದ್ದರೆ ಮನಸ್ಸಿನಲ್ಲೇ ಇರಲಿ. ನಿನ್ನ ಮಗನ ತಲೆಯ ಮೇಲೆ ನನ್ನ ಹೆಸರಿನಲ್ಲಿ ಒಂದು ಸಲ ಕೈ ಇಡು. ಯಾರು ಅಂತ ಹೇಳಬೇಕಾಗಿಲ್ಲ. ಎಲ್ಲಿದ್ದರೂ ಗಟ್ಟಿಯಾಗಿರು, ನೂರು ಕಾಲ ಬಾಳು.

ಇತಿ ನಿನ್ನ ಅತ್ತೆ,
ಸಣ್ಣಕ್ಕ

ತಾ.ಕ. ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಅನುಶ್ರೀಯ ಫೋನು ಬಂತು, ಅದಕ್ಕೆ ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ. ಒಪ್ಪಿಗೆ ಪತ್ರ ಸಾಲದಂತೆ. ಅವರ ದಾಖಲೆಯಲ್ಲಿ ನೀನು ತೀರಿಕೊಂಡವಳು, ತೀರಿಕೊಂಡವರ ಸಹಿ ತೆಗೆದುಕೊಳ್ಳುವುದು ಹೇಗೆ ಅಂತಾರಂತೆ. ನಾನು ಹೇಳಿದರೂ ನಡೆಯದು, ಊರೇ ಬಂದು ಹೇಳಿದರೂ ನಡೆಯದು. ನೀನು ಬದುಕಿದ್ದೀಯ, ಪ್ರೇಕ್ಷಾಳ ತಾಯಿ ಅಂತ ನೀನೇ ಬಂದು ಸಮಿತಿಯ ಮುಂದೆ ಹೇಳಬೇಕಂತೆ. ಇದೇ 25, ಮಂಗಳವಾರ, ಬೆಳಗ್ಗೆ ಹನ್ನೊಂದಕ್ಕೆ, ಹಾಸನದ ಡಿ.ಸಿ. ಆಫೀಸಿನಲ್ಲಿ. ಅದು ತಪ್ಪಿದರೆ ಸಮಿತಿ ಮತ್ತೆ ಕೂರುವುದು ಯಾವಾಗಲೋ ಗೊತ್ತಿಲ್ಲ, ಹಲ್ಲು ಅಲ್ಲಿಯವರೆಗೆ ಕಾಯುವುದಿಲ್ಲ. ಕರೆಯುವುದಿಲ್ಲ ಅಂತ ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಕರೆಯುತ್ತಿದ್ದೇನೆ. ನಿನ್ನ ಮನೆಯಲ್ಲಿ ಏನಾಗುತ್ತದೋ ನನಗೆ ಗೊತ್ತಿಲ್ಲ, ಆದರೂ ಕರೆಯುತ್ತಿದ್ದೇನೆ, ಬಾ.

ಇನ್ನೊಂದು. ಮೊನ್ನೆ ಬುಧವಾರ ಅನುಶ್ರೀ ಮನೆಗೆ ಬಂದು ಪ್ರೇಕ್ಷಾಳನ್ನೇ ಕೂರಿಸಿಕೊಂಡು ಹೇಳಿಕೆ ಬರೆದುಕೊಂಡು ಹೋದಳು. ನಿಮ್ಮ ಅಮ್ಮ ಎಲ್ಲಿ ಪುಟ್ಟಾ ಅಂತ ಕೇಳಿದ್ದಕ್ಕೆ, ಹೋಗುವ ಬೆಳಗಿನ ಜಾವ ನೀನು ಅವಳ ಕಿವಿಯಲ್ಲಿ ಏನು ಹೇಳಿ ಹೋಗಿದ್ದೆಯೋ ಅದನ್ನೇ ಹೇಳಿದಳು: "ಅವ್ವ ಸಂತೆ. ಬತ್ತಳೆ." ಎಂಟು ವರ್ಷದಿಂದ ಯಾರು ಕೇಳಿದರೂ ಅವಳು ಅಷ್ಟೇ ಹೇಳುವುದು, ನಾನು ನಿನಗೆ ಯಾವತ್ತೂ ಹೇಳಿರಲಿಲ್ಲ. ಅದನ್ನು ಹಾಗೇ ಬರೆದು ಫೈಲಿಗೆ ಸೇರಿಸಿದ್ದಾರೆ. ಅವರ ಹತ್ತಿರ ಇರುವ ಅಷ್ಟೂ ಕಾಗದಗಳಲ್ಲಿ ನೀನು ಬದುಕಿದ್ದೀಯ ಅಂತ ಹೇಳುವುದು ಅದೊಂದೇ.

ಬರುವಾಗ ಆಧಾರ್ ಕಾರ್ಡಿನ ಒರಿಜಿನಲ್ ತಗೊಂಡು ಬಾ. ಜೆರಾಕ್ಸ್ ಆಗುವುದಿಲ್ಲವಂತೆ.